ಮೂರು ವರ್ಷಕ್ಕೊಂದು ಕೋಣೆ

ಡಾಕ್ಟರಾಗಬೇಕು ಅಂತ ಹೊರಟವಳು ನನ್ನ ಮಗಳೇ, ನಾವು ಅವಳನ್ನು ತಳ್ಳಿದ್ದಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಆಸ್ಟ್ರೇಲಿಯಾದ ಈ ಪರ್ತಿನಲ್ಲಿ, ನಮ್ಮ ಕನ್ನಡದವರ ಮನೆಗಳಲ್ಲಿ ಈ ಆಸೆ ಹುಟ್ಟುವುದು ಅಪ್ಪ ಅಮ್ಮನ ತಲೆಯಲ್ಲಿ, ಅದೂ ಮಕ್ಕಳ ಹಾಲುಹಲ್ಲು ಬೀಳುವ ಮೊದಲೇ. ನಮ್ಮಲ್ಲಿ ಹಾಗಿರಲಿಲ್ಲ. ನಾನು ಚೈಲ್ಡ್‌ಕೇರಿನಲ್ಲಿ ಇಡೀ ದಿನ ಪುಟ್ಟ ಮಕ್ಕಳ ಮೂಗು ಒರೆಸುವವಳು, ಗಂಡ ಗಣಿಯಲ್ಲಿ ಎಂಜಿನಿಯರು. ಆಸ್ಪತ್ರೆ ಅಂದರೆ ನಮ್ಮಿಬ್ಬರಿಗೂ ಆದಷ್ಟು ದೂರವಿರಬೇಕಾದ ಜಾಗ. ಅವಳು ಒಂದು ದಿನ ಊಟದ ಮಧ್ಯೆ ತಲೆ ಎತ್ತಿ, ತಾನು ಮೆಡಿಸಿನ್ ಓದುತ್ತೇನೆ ಅಂದಳು. ನಮ್ಮ ಯಜಮಾನರು ಸಾರಿನ ಪಾತ್ರೆಗೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದರು. ನಾನು "ಸರಿ ಕಣಮ್ಮ, ಓದು" ಅಂದುಬಿಟ್ಟೆ. ಎಂಥದ್ದಕ್ಕೆ ಒಪ್ಪಿಕೊಂಡೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಈ ದೇಶದಲ್ಲಿ ಡಾಕ್ಟರಾಗಲು ಎರಡು ದಾರಿ. ಶಾಲೆ ಮುಗಿದ ಕೂಡಲೇ ಬೇರೆ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ ನೇರ ಮೆಡಿಕಲ್ ಸೇರುವುದು ಒಂದು. ಅದು ತಪ್ಪಿದರೆ ಮೊದಲು ಮೂರು ವರ್ಷದ ಡಿಗ್ರಿ, ಆಮೇಲೆ ಮತ್ತೊಂದು ಪರೀಕ್ಷೆ, ಮತ್ತೊಂದು ಸಂದರ್ಶನ, ಅದಾದ ಮೇಲೆ ಮೆಡಿಕಲ್. ಮೊದಲನೆಯ ಬಾಗಿಲು ಅವಳು ಹನ್ನೆರಡನೇ ತರಗತಿಯಲ್ಲಿದ್ದಾಗಲೇ ಮುಚ್ಚಿತು, ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಬರಲಿಲ್ಲ. ಅತ್ತಳು, ಕೋಣೆಯ ಬಾಗಿಲು ಹಾಕಿಕೊಂಡಳು, ಆಮೇಲೆ ಹೊರಗೆ ಬಂದು ಒಂದು ಬಟ್ಟಲು ಅವಲಕ್ಕಿ ತಿಂದು, ಎರಡನೆಯ ದಾರಿ ಹಿಡಿಯುತ್ತೇನೆ ಅಂದಳು. ಅದೇ ಸಮಯಕ್ಕೆ ಯಜಮಾನರ ಗಣಿ ಮುಚ್ಚಿತು. ಬೇರೆ ಕಡೆ ಕೆಲಸವೇನೋ ಸಿಕ್ಕಿತು, ಆದರೆ ಹಿಂದಿನ ಸಂಬಳದ ಮಾತು ಬಿಡಿ.

ಕಾಲೇಜಿನ ಫೀಸಿಗೆ ಸರ್ಕಾರ ಸಾಲ ಕೊಡುತ್ತದೆ, ಸಂಪಾದನೆ ಶುರುವಾದ ಮೇಲೆ ತೀರಿಸಬಹುದು. ಕತ್ತು ಹಿಸುಕುವುದು ಬಾಡಿಗೆ. ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿದರೆ ನನ್ನ ಸಂಬಳ ಪೂರ್ತಿ ಅಲ್ಲಿಗೇ ಹೋಗುತ್ತಿತ್ತು. ಪರ್ತಿನಲ್ಲೇ ಓದಿಸಿದ್ದರೆ ಆಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಮಗಳೂ ಅದನ್ನೇ ಕೇಳಿದಳು. ಆದರೆ ಕನ್ನಡ ಸಂಘದ ಊಟದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಆಂಟಿಯೊಬ್ಬರು ಕಿವಿಯಲ್ಲಿ ಉಸುರಿದ್ದರು: "ಬ್ರಿಸ್ಬೇನು, ಅಡಿಲೇಡು ನೋಡ್ರೀ. ಅಲ್ಲಿ ಡಿಗ್ರಿ ಮಾಡ್ಕೊಂಡ್ರೆ ಅಲ್ಲೇ ಮೆಡಿಕಲ್ ಸಿಗೋ ಚಾನ್ಸ್ ಜಾಸ್ತಿ." ಅವರಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಯಜಮಾನರ ಅಣ್ಣನ ಮನೆ, ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ನನ್ನ ಒಡಹುಟ್ಟಿದ ತಂಗಿಯ ಮನೆ. ಎರಡರಲ್ಲಿ ಒಂದು ಕಡೆ ಮೂರು ವರ್ಷಕ್ಕೊಂದು ಕೋಣೆ ಸಿಕ್ಕರೆ ಮಗಳ ದಾರಿ ಸಲೀಸು. ಸಿಗದಿದ್ದರೆ ನನ್ನ ಪ್ರಕಾರ ಅವಳ ಡಾಕ್ಟರಿಕೆಯೇ ಡೋಲಾಯಮಾನ.

ಆದರೆ ಕೇಳುವುದು ಹೇಗೆ? ನಮ್ಮ ಕಡೆ ಇಂಥದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಎದುರಿನವರು ಇಲ್ಲ ಅನ್ನುವ ಹಾಗಿಲ್ಲ, ದಾಕ್ಷಿಣ್ಯ. ಅವರನ್ನು ಆ ಪೇಚಿಗೆ ಸಿಕ್ಕಿಸಬಾರದು ಅಂತ ನಾವೂ ಕೇಳುವುದಿಲ್ಲ, ಅದೂ ದಾಕ್ಷಿಣ್ಯವೇ. ರಜೆಗೆ ಬಂದವರ ಹಾಗೆ ಹೋಗಬೇಕು, ಮಾತು ಅತ್ತ ಕಡೆ ಹರಿಸಬೇಕು, ಮುಖ ನೋಡಬೇಕು. ಇದರಲ್ಲಿ ನಾನು ಪಳಗಿದ ಕೈ ಅಂತ ನನಗೆ ಬಹಳ ಹೆಮ್ಮೆಯಿತ್ತು.

ಮೊದಲು ಬ್ರಿಸ್ಬೇನಿಗೆ ಹೋದೆವು. ಭಾವನವರೇ ವಿಮಾನ ನಿಲ್ದಾಣಕ್ಕೆ ಬಂದರು. ಓರಗಿತ್ತಿ ಹೋಳಿಗೆ ಮಾಡಿದ್ದರು, ಮನೆಯೆಲ್ಲ ತೋರಿಸಿದರು. ಖಾಲಿಯಿದ್ದ ಕೋಣೆಯ ಬಾಗಿಲಲ್ಲಿ ನಿಂತು, "ಇದೊಂದು ಸುಮ್ನೆ ಇದೆ ನೋಡಿ. ಮಧ್ಯಾಹ್ನ ಬಿಸಿಲು ಹೊಡಿಯತ್ತೆ, ಬೇಸಿಗೇಲಿ ಕೂರಕ್ಕಾಗಲ್ಲ. ಟ್ರೇನ್ ಸದ್ದು ಬೇರೆ" ಅಂದರು. ನನ್ನ ಕಿವಿ ನಿಮಿರಿತು. ಮರುದಿನ ಫಾರೆಸ್ಟ್ ಲೇಕ್‌ಗೆ ಕರೆದುಕೊಂಡು ಹೋದರು. ಕೆರೆಯ ಸುತ್ತ ನಡೆಯುವಾಗ ಭಾವ, "ಮಗು ಮುಂದೆ ಏನ್ ಮಾಡತ್ತಂತೆ?" ಅಂದರು. ನಾನು, "ನೋಡ್ಬೇಕು ಭಾವ. ಇಲ್ಲೂ ಕಾಲೇಜು ಚೆನ್ನಾಗಿದೆಯಂತೆ" ಅಂದೆ. ಅವರು, "ಹೌದಂತೆ, ಹೌದಂತೆ" ಅಂದರು. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಬಾತುಕೋಳಿಗಳನ್ನು ನೋಡಿದೆವು.

ವಾಪಸು ಬರುವಾಗ ವಿಮಾನದಲ್ಲಿ ಮಗಳು ಇಂಗ್ಲಿಷಿನಲ್ಲಿ ವಿಚಾರಣೆ ಶುರುಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಕೇಳಿದೆಯಾ ಅಂದಳು. "ಕೇಳೋದೇನು, ಅವರು ಆಗಲ್ಲ ಅಂದ್ರಲ್ಲ" ಅಂದೆ. ಯಾವಾಗ ಅಂದರು ಅಂದಳು. "ಬಿಸಿಲು ಅಂದ್ರು, ಟ್ರೇನ್ ಸದ್ದು ಅಂದ್ರು, ಇನ್ನೇನ್ ಹೇಳ್ಬೇಕು?" ಅವಳು ನನ್ನ ಮುಖವನ್ನೇ ನೋಡಿ, ಅದು ಬಿಸಿಲಿನ ವಿಷಯ ಅಮ್ಮ ಅಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಇಷ್ಟು ಓದಿದ ಹುಡುಗಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅಂತ ನನಗೆ ರೇಗಿತು.

ಅಡಿಲೇಡಿನದು ಹಾಗಾಗಲಿಲ್ಲ. ಫೋನಿನಲ್ಲಿ ತಂಗಿಗೆ, "ಇವಳು ಅಡಿಲೇಡ್ ಕಡೇನೂ ನೋಡ್ತಾ ಇದಾಳೆ ಕಣೇ" ಅಂತ ಅಂದದ್ದಷ್ಟೇ. "ನೋಡೋದೇನಕ್ಕ, ನಮ್ಮನೇಲೇ ಇರ್ತಾಳೆ ಬಿಡು" ಅಂದಳು. ಜೀವಕ್ಕೆ ತಂಪಾಯಿತು. ತಂಗಿ ಅಂದರೆ ಹೀಗಿರಬೇಕು ಅಂತ ಯಜಮಾನರ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ, ಅವರ ಅಣ್ಣನ ಮನೆಯದು ಮನಸ್ಸಿನಲ್ಲಿತ್ತು.

ಡಿಸೆಂಬರಿನಲ್ಲಿ ಅವಳ ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೇ ಹೋದೆವು. ತಂಗಿಗೆ ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಮಗಳಿಗಾಗಿ ಕೋಣೆ ತಯಾರಾಗಿತ್ತು: ಕಿಟಕಿಯ ಪಕ್ಕ ಹೊಸ ಮೇಜು, ಮಂಚಕ್ಕೆ ಹೊಸ ಹೊದಿಕೆ. ರೈಲಿನಲ್ಲಿ ಪೇಟೆಗೆ ಹೋಗಿ ಕಾಲೇಜು ನೋಡಿಕೊಂಡು ಬಂದೆವು. ಮಗಳಿಗೂ ಊರು ಹಿಡಿಸಿತು. ತಂಗಿಯ ಗಂಡ ಮೊದಲಿಂದಲೂ ಮಿತಭಾಷಿ, ಈ ಸಲ ಇನ್ನೂ ಕಡಿಮೆ ಮಾತಾಡಿದರು. ರಾತ್ರಿ ಆಫೀಸಿನ ಕರೆಗಳಿರುತ್ತವೆ ಅಂತ ಕಂಪ್ಯೂಟರಿನ ಕೋಣೆಯಲ್ಲೇ ಮಲಗುತ್ತಿದ್ದರು. ಓರಗಿತ್ತಿಯ ಬಿಸಿಲಿನಲ್ಲಿ ನೂರು ಅರ್ಥ ಹುಡುಕಿದ ನಾನು, ಇದರಲ್ಲಿ ಒಂದನ್ನೂ ಹುಡುಕಲಿಲ್ಲ.

ಹೊರಡುವ ಹಿಂದಿನ ಸಂಜೆ ನಾಲ್ವರೂ ಟೀ ಕುಡಿಯುತ್ತ ಕೂತಿದ್ದೆವು. ಮಗಳು ಲೋಟ ಕೆಳಗಿಟ್ಟು, ಎಂದೂ ಇಲ್ಲದೆ ಕನ್ನಡದಲ್ಲಿ, ಒಂದೊಂದೇ ಪದ ಜೋಡಿಸಿಕೊಂಡು ಕೇಳಿದಳು: "ಚಿಕ್ಕಮ್ಮ, ನಾನು ಇಲ್ಲಿ ಇರೋದು ನಿಮಗೆ ನಿಜವಾಗ್ಲೂ ಬೇಕಾ? ಮೂರು ವರ್ಷ ಅಂದ್ರೆ ತುಂಬಾ ಲಾಂಗ್. ನೋ ಅಂದ್ರೂ ನನಗೆ ಬೇಜಾರಿಲ್ಲ."

ಅಯ್ಯೋ ದೇವರೇ, ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮೇಜಿನ ಕೆಳಗೆ ಅವಳ ಕಾಲು ಒದ್ದೆ.

"ಅಮ್ಮ, ಡೋಂಟ್ ಕಿಕ್ ಮಿ" ಅಂದಳು, ಎಲ್ಲರಿಗೂ ಕೇಳುವ ಹಾಗೆ.

ತಂಗಿ ನಕ್ಕಳು. "ಇದೇನೇ ಹೀಗ್ ಕೇಳ್ತೀಯಾ? ಇದು ನಿನ್ನ ಮನೆ ಅಲ್ವಾ?"

"ಅದಲ್ಲ ಚಿಕ್ಕಮ್ಮ. ನಿಮಗೆ ಬೇಕಾ ಅಂತ."

ತಂಗಿಯ ನಗು ಹಾಗೇ ನಿಂತಿತು. ಅವಳ ಗಂಡ ತಲೆ ತಗ್ಗಿಸಿಕೊಂಡೇ, "ಹೇಳ್ಬಿಡು" ಅಂದರು. "ನೀವು ಸುಮ್ನಿರಿ" ಅಂದಳು ಅವಳು. ಅವರು ಸುಮ್ಮನಿರಲಿಲ್ಲ, ನನ್ನ ಕಡೆ ತಿರುಗಿದರು. "ಅತ್ತಿಗೆ, ನಾವಿಬ್ರೂ ಬೇರೆ ಆಗ್ಬೇಕು ಅಂತ ತೀರ್ಮಾನ ಮಾಡಿದೀವಿ. ಈ ಮನೆ ಮಾರೋದಿತ್ತು. ಮಗು ಬರ್ತಾಳೆ ಅಂತ ಗೊತ್ತಾದ್ಮೇಲೆ, ಅವಳ ಓದು ಮುಗಿಯೋ ತನಕ ಹೀಗೇ ಇದ್ಬಿಡೋಣ ಅಂದ್ಕೊಂಡ್ವಿ."

ತಂಗಿ ಗಡಿಬಿಡಿಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಏನೂ ತೊಂದ್ರೆ ಇಲ್ಲ ಅಕ್ಕ. ಜಗಳ ಗಿಗಳ ಏನೂ ಆಗಲ್ಲ ನಮ್ಮನೇಲಿ. ಮೂರು ವರ್ಷ ತಾನೇ, ಹೇಗೋ ತಳ್ಬಿಡ್ತೀವಿ. ಅವಳ ಓದಿಗೆ ಏನೂ ಆಗಲ್ಲ, ನಾನ್ ನೋಡ್ಕೋತೀನಿ."

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಕ್ಷಣದಲ್ಲಿ ನನ್ನೊಳಗೆ ಒಂದು ಹಾಳು ಮನಸ್ಸು, ಮೂರು ವರ್ಷ ತಾನೇ, ಅವರೇ ಒಪ್ಪಿದ್ದಾರಲ್ಲ ಅಂದಿತು. ಕಿಟಕಿಯ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಬೇಡ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದವಳು ಮಗಳು. ಎದ್ದು ಹೋಗಿ ಚಿಕ್ಕಮ್ಮನನ್ನು ಹಿಂದಿನಿಂದ ತಬ್ಬಿಕೊಂಡು, "ನಾನ್ ಬರಲ್ಲ ಚಿಕ್ಕಮ್ಮ" ಅಂದಳು. ತಂಗಿ ಅವಳ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ಕಾಲದಿಂದ ತಡೆದುಕೊಂಡಿದ್ದಳೋ.

ಆಮೇಲೆ ಅಡುಗೆಮನೆಯಲ್ಲಿ ತಂಗಿಯೊಬ್ಬಳೇ ಸಿಕ್ಕಾಗ ನಾನು ಹರಿಹಾಯ್ದೆ. "ಅಲ್ಲ ಕಣೇ, ನನ್ನ ಹತ್ರ ಹೇಳಕ್ಕೆ ನಿನಗೇನಾಗಿತ್ತು ಧಾಡಿ?" ಅವಳು ಲೋಟ ತೊಳೆಯುತ್ತ ನಿಂತಳು. ನನಗೆ ಆಗ ಒಂದೊಂದೇ ನೆನಪಾಯಿತು. ಚಿಕ್ಕಂದಿನಲ್ಲಿ ಅವಳು ತೊಟ್ಟದ್ದು ನಾನು ಬಿಟ್ಟ ಲಂಗ. ಮೈಸೂರಿನಲ್ಲಿ ಅವಳು ಓದಿದ್ದು ನಾನು ಓದಿದ ಕಾಲೇಜು, ಯಾಕೆಂದರೆ ಅಕ್ಕನ ಪುಸ್ತಕಗಳಿದ್ದವು, ಖರ್ಚಿರಲಿಲ್ಲ. ಅವಳಿಗೆ ಬೇರೆ ಕಡೆ ಮನಸ್ಸಿತ್ತೋ ಏನೋ, ಯಾರೂ ಕೇಳಲಿಲ್ಲ. ಕೊನೆಗೆ ಈ ಗಂಡನ್ನು ನೋಡಿ, ಒಳ್ಳೆಯ ಹುಡುಗ, ಮಾಡಿಕೋ ಅಂದವಳೂ ನಾನೇ. ಹುಡುಗ ಒಳ್ಳೆಯವನೇ, ಈಗಲೂ ಒಳ್ಳೆಯವನೇ. ಅವಳ ಪಕ್ಕದಲ್ಲಿ ನಿಂತು ತೊಳೆದ ಲೋಟಗಳನ್ನು ಒರೆಸಿಟ್ಟೆ.

ಪರ್ತಿಗೆ ಬಂದ ಮೇಲೆ ಮಗಳು ನನ್ನ ಅಪ್ಪಣೆಗೂ ಕಾಯದೆ ರನ್‌ಕಾರ್ನಿಗೆ ಫೋನ್ ಮಾಡಿ ದೊಡ್ಡಮ್ಮನನ್ನು ನೇರ ಕೇಳಿದಳು. ನಾನು ನಾಚಿಕೆಯಿಂದ ಹಿತ್ತಲಿಗೆ ಹೋಗಿ ಒಣಗದ ಬಟ್ಟೆ ತೆಗೆದೆ. ಓರಗಿತ್ತಿ ಯೋಚಿಸಿ, ಒಂದು ವರ್ಷಕ್ಕೆ ಖಂಡಿತ ಆಗುತ್ತದೆ, ಆಮೇಲೆ ತಮ್ಮ ಮಗ ವಾಪಸು ಬರುತ್ತಾನೆ, ಮೂರು ವರ್ಷ ಕಷ್ಟ ಅಂದರಂತೆ. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಆಮೇಲೆ ಮಗಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದಳು. ಡಿಗ್ರಿ ಯಾವ ಊರಿನದು ಅನ್ನುವುದಕ್ಕಿಂತ ಅದರಲ್ಲಿ ಬರುವ ಅಂಕ, ಆಮೇಲಿನ ಪರೀಕ್ಷೆ, ಸಂದರ್ಶನ ಮುಖ್ಯ. ತಾನು ಎಲ್ಲಾ ಕಡೆ ವಿಚಾರಿಸಿದ್ದೇನೆ ಅಂದಳು. ತಲೆಬಿಸಿ ಇಲ್ಲದೆ ಓದಲು, ತನ್ನ ಮಂಚದಲ್ಲೇ ಮಲಗಿ ಬಸ್ಸಿನಲ್ಲಿ ಹೋಗಿಬರುವ ಕಾಲೇಜಿಗಿಂತ ಅಗ್ಗದ್ದು ಯಾವುದಿದೆ ಅಂದಳು. "ಮತ್ತೆ ಆ ಆಂಟಿ ಹೇಳಿದ್ದು?" ಅಂದೆ. ಅಪ್ಪ ಮಗಳು ಇಬ್ಬರೂ ನಕ್ಕರು. ನನಗೆ ಪೂರ್ತಿ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಈಗ ಪರ್ತಿನ ಕಾಲೇಜಿನಲ್ಲೇ ಡಿಗ್ರಿಯ ಎರಡನೆಯ ವರ್ಷದಲ್ಲಿದ್ದಾಳೆ, ಅಂಕಗಳು ಚೆನ್ನಾಗಿವೆ, ವಾರಾಂತ್ಯದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮುಂದಿನ ಪರೀಕ್ಷೆ ಏನಾಗುತ್ತದೋ, ಡಾಕ್ಟರಾಗುತ್ತಾಳೋ ಇಲ್ಲವೋ, ಬಲ್ಲವರು ಯಾರು?

ಮಾಸನ್ ಲೇಕ್ಸ್‌ನ ಮನೆ ಕಳೆದ ತಿಂಗಳು ಮಾರಾಟವಾಯಿತು. ಸುದ್ದಿ ಕೇಳಿದವಳೇ ತಂಗಿಗೆ ಫೋನ್ ಮಾಡಿದೆ. "ನೀನು ಸುಮ್ನೆ ಇಲ್ಲಿಗೆ ಬಂದ್ಬಿಡು. ಮುಂದಿನ ರೂಮು ನಿನಗೇ. ಕೆಲಸ ಇಲ್ಲೇ ಹುಡುಕಿದ್ರಾಯ್ತು. ಟಿಕೆಟ್ ನಾನೇ ಮಾಡ್ತೀನಿ, ಯಾವಾಗ ಬರ್ತೀಯಾ ಅಷ್ಟ್ ಹೇಳು" ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

"ಬೇಡ ಅಕ್ಕ" ಅಂದಳು. "ನಂಗೆ ಇಲ್ಲೇ, ಒಬ್ಬಳೇ ಇರ್ಬೇಕು ಅನ್ಸತ್ತೆ."

"ಸರಿ ಕಣೇ" ಅಂದೆ, ಫೋನ್ ಇಟ್ಟೆ. ಒಂದು ಕಡೆ ಬೇಜಾರು, ಅದರ ಜೊತೆಗೇ ಎಂಥದೋ ಸಂತೋಷ. ಮಗಳು ಪುಸ್ತಕದಿಂದ ತಲೆ ಎತ್ತಿ ಏನಂದರು ಅಂತ ಕೇಳಿದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದೆ: ಹುಟ್ಟಿದಾಗಿನಿಂದ ನಿನ್ನ ಚಿಕ್ಕಮ್ಮ ನನ್ನ ಮಾತಿಗೆ ಬೇಡ ಅಂದದ್ದು ಇದೇ ಮೊದಲು.