ತಬಲಾ ಉಳಿವೆಪ್ಪ ಕೆಳಗೆ ಕೂತು ಕೇಳಿದ್ದು

ದುಂಡಸಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಉಳಿವೆಪ್ಪನ ಮನೆ ಎಲ್ಲಿ ಎಂದು ಹುಡುಗರನ್ನು ಕೇಳಿದರೆ, “ಗಿರಣಿ ಉಳಿವೆಪ್ಪಜ್ಜನೇನ್ರಿ?” ಎನ್ನುತ್ತಾರೆ. ಅದನ್ನೇ ಕಟ್ಟೆಯ ಮೇಲೆ ಕುಳಿತ ಮುದುಕರನ್ನು ಕೇಳಿದರೆ, “ತಬಲಾ ಉಳಿವೆಪ್ಪನೇನ್ರಿ?” ಎನ್ನುತ್ತಾರೆ. ಇಬ್ಬರೂ ಒಬ್ಬನೇ. ನಾಟಕ ಕಂಪನಿ ಮುಚ್ಚಿದ ಮೇಲೆ ಅವನು ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ. ಮೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಾಗಲೂ ಅವನ ಬೆರಳುಗಳು ಪಕ್ಕದ ಡಬ್ಬಿಯ ಮೇಲೆ ತಮ್ಮಷ್ಟಕ್ಕೆ ತಾವು ಆಡುತ್ತಿರುತ್ತವೆ. ಬೀಸಿಸಲು ಬಂದ ಹೆಣ್ಣುಮಕ್ಕಳು ಅದನ್ನು ನೋಡಿ ನಗುತ್ತಾರೆ, ಅವನೂ ನಗುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅಂಥದ್ದು.

ಕಂಪನಿ ರಟ್ಟೀಹಳ್ಳಿಯದು. ಅದರ ಪೇಟಿ ಮಾಸ್ತರರು ಅಬಲೂರಿನ ಶಂಕ್ರಪ್ಪನವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುವುದು ರೂಢಿ. ಕಂಪನಿಯದು ಕಾಲಪೇಟಿ, ಅಂದರೆ ಕುರ್ಚಿಯ ಮೇಲೆ ಕುಳಿತು ಎರಡೂ ಕಾಲಿನಿಂದ ಗಾಳಿ ತುಂಬುತ್ತ ಎರಡೂ ಕೈಯಿಂದ ನುಡಿಸುವಂಥದ್ದು. ರಂಗದ ಮುಂದಿನ ತಗ್ಗಿನಲ್ಲಿ ಮಾಸ್ತರರು, ಅವರ ಎಡಕ್ಕೆ ಉಳಿವೆಪ್ಪ. ಹೀಗೆ ಇಪ್ಪತ್ತೆಂಟು ವರ್ಷ. ಸವಣೂರಿನ ಕ್ಯಾಂಪಿನಲ್ಲಿ ಮಳೆ ಸುರಿದು ತಗಡು ಬಡಿದುಕೊಳ್ಳುವಾಗಲೂ, ಹಿರೇಕೆರೂರಿನಲ್ಲಿ ಕರೆಂಟು ಹೋಗಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ನಾಟಕ ನಡೆದಾಗಲೂ, ಮಾಸ್ತರರ ಪೇಟಿ, ಉಳಿವೆಪ್ಪನ ತಬಲಾ.

ಮಾಸ್ತರರಿಗೆ ಒಂದು ಚಟವಿತ್ತು. ಹಾಡಿನ ನಡುವೆ ನಟರು ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಪೇಟಿಯ ಮೇಲೆ ಎಲ್ಲಿಗೋ ಹೊರಟುಬಿಡುತ್ತಿದ್ದರು. ತಾಳ ಒಂದು ಸುತ್ತು ಬರಲಿ, ಎರಡು ಸುತ್ತು ಬರಲಿ, ತಿರುಗಿ ಬರುವ ಮಾತೇ ಇಲ್ಲ. “ಮಾಸ್ತರು ಸವಾರಿ ಹೋಗ್ಯಾರ” ಎಂದು ಕಂಪನಿಯ ಮಂದಿ ನಗುತ್ತಿದ್ದರು. ನಗದವನು ಉಳಿವೆಪ್ಪ ಒಬ್ಬನೇ, ಯಾಕೆಂದರೆ ಅವರು ತಿರುಗಿ ಬರುವ ಗಳಿಗೆಗೆ ಸರಿಯಾಗಿ ಬಾಗಿಲು ತೆರೆಯಬೇಕಾದವನು ಅವನು. ಅವನೊಂದು ಗುಟ್ಟು ಕಂಡುಕೊಂಡಿದ್ದ. ತಿರುಗಿ ಬರುವ ಮುಂಚೆ ಮಾಸ್ತರರ ಎಡಗಾಲು ಒಂದಿಷ್ಟು ಬಿರುಸಾಗಿ ಒತ್ತುತ್ತಿತ್ತು. ಅವನು ಆ ಕಾಲಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದ. ಎಂದೂ ತಪ್ಪಿದವನಲ್ಲ.

ಆದರೆ ಇಪ್ಪತ್ತೆಂಟು ವರ್ಷದಲ್ಲಿ ಮಾಸ್ತರರು ಒಮ್ಮೆಯೂ “ಛಲೋ ಆತು” ಎನ್ನಲಿಲ್ಲ. ತಪ್ಪಿದವರನ್ನು ಚಾಳೀಸಿನ ಮೇಲಿಂದ ಒಮ್ಮೆ ನೋಡುತ್ತಿದ್ದರು, ಅಷ್ಟಕ್ಕೇ ದೊಡ್ಡ ದೊಡ್ಡ ನಟರು ನೀರಾಗುತ್ತಿದ್ದರು. ತಪ್ಪದವರನ್ನು ನೋಡುತ್ತಲೇ ಇರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ ದಿನವೂ ಪೇಟಿಯ ಮುಚ್ಚಳ ಹಾಕಿ, ಧೋತರದ ಚುಂಗಿನಿಂದ ಒರೆಸಿ ಹೊರಟುಬಿಡುವ ಆಸಾಮಿ. “ಅವರು ನಿನ್ನ ಕಡೆ ನೋಡಲಿಲ್ಲಂದ್ರ ಛಲೋ ಆತು ಅಂತ ತಿಳ್ಕೊಳೋ ಹುಚ್ಚಪ್ಪಾ” ಎಂದು ನಾಯಕಿಯ ಪಾತ್ರದಾಕೆ ಸಮಾಧಾನ ಹೇಳಿದ್ದಳು. ಉಳಿವೆಪ್ಪ ತಿಳಿದುಕೊಂಡ. ಆದರೆ ತಿಳಿದುಕೊಳ್ಳುವುದು ಬೇರೆ, ಕಿವಿಯಾರೆ ಕೇಳುವುದು ಬೇರೆ. ಆ ಒಂದು ಮಾತಿನ ಹಸಿವು ಅವನ ಹೊಟ್ಟೆಯಲ್ಲಿ ಹಾಗೇ ಉಳಿಯಿತು. ಕಂಪನಿ ಮುಚ್ಚಿದ ದಿನ ಮಾಸ್ತರರು “ಬರ್ತೇನಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಹೋದ ಮಾಘದಲ್ಲಿ ನೆರೆಮನೆಯ ರುದ್ರೇಶ ಗಿರಣಿಗೆ ಬಂದು ಮೊಬೈಲ್ ತೋರಿಸಿದ. ಹಾನಗಲ್ಲಿನಲ್ಲಿ ಶಂಕ್ರಪ್ಪ ಮಾಸ್ತರರಿಗೆ ಸತ್ಕಾರ. ಆಮೇಲೆ ಮಾಸ್ತರರ ಕಾಲಪೇಟಿ, ಜೊತೆಗೆ ಘಟಾನುಘಟಿಗಳ ಮೇಳ. ಧಾರವಾಡದ ಪಿಟೀಲು, ಹುಬ್ಬಳ್ಳಿಯ ಕ್ಲಾರಿನೆಟ್ಟು, ಬೆಳಗಾವಿಯ ಸಾರಂಗಿ. ತಬಲಾಕ್ಕೆ ಮುಂಬೈ, ದುಬೈ ಎಂದು ತಿರುಗುವ ನಿಯಾಜ. ಎಲ್ಲರ ಫೋಟೋ ಇದ್ದವು.

“ಕಾಕಾ, ಇದರಾಗ ನಿಮ್ಮ ಹೆಸರ ಇಲ್ಲಲಾ?” ಎಂದ ರುದ್ರೇಶ.

“ನನ್ನ ಹೆಸರ ಯಾಕ ಹಾಕ್ತಾರೋ? ನಾ ಕೇಳಾಕ ಹೋಗವ” ಎಂದ ಉಳಿವೆಪ್ಪ. ಹೇಳಿದಷ್ಟು ಹಗುರವಾಗಿ ಅದು ಒಳಗೆ ಇಳಿಯಲಿಲ್ಲ. ಅಂದು ಯಾರದೋ ಗೋಧಿಯನ್ನು ಜೋಳದ ಕಲ್ಲಿಗೆ ಸುರಿದು ಬೈಸಿಕೊಂಡ.

ಹೊರಡುವ ದಿನ ಹೆಂಡತಿ ದುರಗವ್ವ ಅವನನ್ನೇ ನೋಡುತ್ತ ನಿಂತಿದ್ದಳು. ಅವನು ಅಂಗಳದಲ್ಲಿ ಕುಳಿತು ಹತ್ತೂ ಬೆರಳಿನ ಉಗುರು ತೆಗೆಯುತ್ತಿದ್ದ.

“ಕೇಳಾಕ ಹೊಂಟವ್ರಿಗೆ ಉಗುರು ಯಾಕ ತಗೀಬೇಕ್ರಿ?” ಎಂದಳು.

“ಬೆಳದಿದ್ದುವು.”

ತಬಲಾಕ್ಕೆ ಕೂರುವ ಮುಂಚೆ ಉಗುರು ತೆಗೆಯುತ್ತಾರೆಂದು ತಬಲಾ ನುಡಿಸುವವನ ಹೆಂಡತಿಗೆ ತಿಳಿಯದೆ? ಅವಳು ಮತ್ತೇನೂ ಕೇಳದೆ ಬಿಳಿ ಅಂಗಿ ತಂದು ಕೊಟ್ಟಳು.

ಉಳಿವೆಪ್ಪನ ಆಸೆ ಇಷ್ಟೇ ಇತ್ತು. ಮಾಸ್ತರರು ವೇದಿಕೆಯ ಮೇಲೆ ಕುಳಿತು, “ಉಳಿವೆಪ್ಪ ಬಂದಾನೇನು? ಅವನ್ನ ಕರೀರಿ” ಎನ್ನಬಹುದು. ಕರೆಯದಿದ್ದರೂ ಚಿಂತೆಯಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಕಾಲು ಮುಟ್ಟಿದರೆ, ಇಷ್ಟು ವರ್ಷ ಹೇಳದ ಆ ಮಾತನ್ನು ಈಗಲಾದರೂ ಹೇಳಬಹುದು. ಇಬ್ಬರಿಗೂ ವಯಸ್ಸಾಯಿತು. ಇನ್ನು ಯಾವಾಗ ಹೇಳುತ್ತಾರೆ?

ಹಾನಗಲ್ಲಿನ ಸಮುದಾಯ ಭವನದ ಬಾಗಿಲಲ್ಲಿ ಹಾರ ತುರಾಯಿಗಳ ಗದ್ದಲವೋ ಗದ್ದಲ. ಮಾಸ್ತರರನ್ನು ಮಗಳು ಸರೋಜವ್ವ ರಟ್ಟೆ ಹಿಡಿದು ಕಾರಿನಿಂದ ಇಳಿಸಿದಳು. ಎತ್ತರದ ಮನುಷ್ಯ ಬಾಗಿ ಕುಡುಗೋಲಾಗಿದ್ದರು. ಉಳಿವೆಪ್ಪ ಮುಂದೆ ನುಗ್ಗಲು ನೋಡಿದ, ಕಾರ್ಯಕರ್ತರು ಸರಿಸಿದರು. ಸರೋಜವ್ವನೇ ಅವನ ಗುರುತು ಹಿಡಿದಳು.

“ಕಾಕಾ, ಅಪ್ಪಗ ಕಣ್ಣು ಹೋಗ್ಯಾವ್ರಿ. ಬೆಳಕು ಕತ್ತಲಿ ಅಷ್ಟ ಗೊತ್ತಾಗತೈತಿ. ಹಿಂದಿಂದು ಮುಂದಿಂದು ಕಲಸಿ ಮಾತಾಡ್ತಾರ. ಪೇಟಿ ಮುಂದ ಕುಂದ್ರಿಸಿದರ ಮಾತ್ರ ಮೊದಲಿನಂಗ. ಮುಗದ ಮ್ಯಾಲೆ ಒಳಗ ಬರ್ರಿ” ಎಂದು ಹೇಳಿ ಹೋದಳು.

ಉಳಿವೆಪ್ಪ ಮೂರನೆಯ ಸಾಲಿನಲ್ಲಿ ಜಾಗ ಹಿಡಿದ. ಶಾಲು, ಹಾರ, ಭಾಷಣ ಎಲ್ಲ ಆದವು. ಮೈಕಿನವನು ಒಬ್ಬೊಬ್ಬ ಕಲಾವಿದನನ್ನು ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದ. ಮಾಸ್ತರರು ಅದಾವುದೂ ತಮಗಲ್ಲ ಎಂಬಂತೆ ಕುಳಿತು ಪೇಟಿಯ ಕರಿ ಬಿಳಿ ಮನೆಗಳನ್ನು ಸವರುತ್ತಿದ್ದರು. ಯಾರನ್ನೂ ಕರೆಯಿರಿ ಎನ್ನಲಿಲ್ಲ. ಅವರ ಎಡಕ್ಕೆ, ಉಳಿವೆಪ್ಪ ಕೂರುತ್ತಿದ್ದ ಜಾಗದಲ್ಲಿ, ನಿಯಾಜ ಕುಳಿತ. ಮೂವತ್ತರ ಆಸುಪಾಸಿನ ಸುಂದರ ಹುಡುಗ, ರೇಷ್ಮೆಯ ಜುಬ್ಬಾ. ಉಳಿವೆಪ್ಪನ ಹೊಟ್ಟೆಯೊಳಗೆ ಕಿಚ್ಚು ಎದ್ದಿತು, ಅದನ್ನು ಮುಚ್ಚಿಟ್ಟು ಏನು ಮಾಡುವುದು?

ಪೇಟಿ ಶುರುವಾಯಿತು. ಮೊದಮೊದಲು ಕಾಲು ಸೋತಂತೆ ಗಾಳಿ ಕಡಿಮೆಯಾಗಿ ಸ್ವರ ತೂಕಡಿಸುತ್ತಿತ್ತು. ಸಾರಂಗಿಯವನು ಮೆಲ್ಲಗೆ ಕೆಳಗಿನಿಂದ ಸ್ವರ ಹಿಡಿದ, ಪಿಟೀಲಿನವನು ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ಬಿಟ್ಟ. ಒಬ್ಬರಿಗಿಂತ ಒಬ್ಬರು ಹೆಸರಾದವರು, ಆದರೂ ಮುಂದೆ ಬರುವ ಅವಸರ ಯಾರಿಗೂ ಇರಲಿಲ್ಲ. ನಿಧಾನವಾಗಿ ಮುದುಕನ ಬೆರಳಿಗೆ ಬಿಸಿ ಏರಿತು. ಹಳೆಯ ರಂಗಗೀತೆಯೊಂದು ಎದ್ದು ಬಂದಾಗ ಸಭೆಯಲ್ಲಿದ್ದ ಮುದುಕರೆಲ್ಲ ಹೋ ಎಂದರು.

ಆಗ ಮಾಸ್ತರರು ಸವಾರಿ ಹೊರಟರು.

ಉಳಿವೆಪ್ಪ ನೆಟ್ಟಗೆ ಕುಳಿತ. ನಿಯಾಜನ ಕಡೆ ನೋಡಿದ. ಹುಡುಗ ಮಾಸ್ತರರ ಕಾಲು ನೋಡುತ್ತಿಲ್ಲ, ಮುಖವನ್ನೂ ನೋಡುತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದಾನೆ! ‘ಕೆಟ್ಟಿ ಮಗನ’ ಎಂದುಕೊಂಡ ಉಳಿವೆಪ್ಪ. ಕೆಡಲಿ ಎಂದೂ ಅವನ ಮನಸ್ಸು ಬಯಸಿತು. ನಾಲ್ಕು ಮಂದಿಯ ಎದುರು ಹುಡುಗ ಎಡವಲಿ, ಆಗ ಮಾಸ್ತರರು ಕುರುಡುಗಣ್ಣಲ್ಲೇ ಎಡಕ್ಕೆ ತಿರುಗಿ, “ಉಳಿವೆಪ್ಪ ಎಲ್ಲಿ?” ಎನ್ನಲಿ. ಅವನು ತನ್ನ ಬೋಳು ಉಗುರಿನ ಬೆರಳುಗಳನ್ನು ಮೊಣಕಾಲ ಮೇಲೆ ಒತ್ತಿ ಹಿಡಿದ.

ಪೇಟಿ ದೂರ ಹೋಯಿತು. ಇನ್ನೂ ದೂರ ಹೋಗಿ ಒಂದು ಸ್ವರದ ಮೇಲೆ ನಿಂತುಬಿಟ್ಟಿತು. ಮಾಸ್ತರರ ಕೈ ಅಲ್ಲಾಡಲಿಲ್ಲ. ಮರೆತರೇ? ಸಭೆಯಲ್ಲಿ ಗುಸುಗುಸು ಎದ್ದಿತು. ಸರೋಜವ್ವ ವೇದಿಕೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ನಿಯಾಜ ಮಾತ್ರ ಗಾಬರಿಯಾಗಲಿಲ್ಲ. ಪೆಟ್ಟು ಸಣ್ಣದು ಮಾಡುತ್ತ ಮಾಡುತ್ತ ಬರೀ ಬೆರಳ ತುದಿಗೆ ತಂದ. ತಾಳ ಉಸಿರಾಡುತ್ತಿದೆ ಎನ್ನುವಷ್ಟು ಮಾತ್ರ. ಆ ಒಂಟಿ ಸ್ವರಕ್ಕೆ ಏನು ಬೇಕೋ ಅಷ್ಟೇ ಕೊಡುತ್ತ, ಮುದುಕ ಬರಲಿ, ಬರದಿದ್ದರೂ ಇರಲಿ ಎಂದು ಕುಳಿತ.

ಉಳಿವೆಪ್ಪನಿಗೆ ಆಗ ಪೇಟಿ ಕೇಳಿಸಿತು. ಆ ಸ್ವರ ನಿಂತಿರಲಿಲ್ಲ, ಒಳಗೊಳಗೇ ನಡೆದಿತ್ತು. ಅದರಲ್ಲಿ ಒಂದು ಸಂಕಟವಿತ್ತು, ಒಬ್ಬಂಟಿ ಮನುಷ್ಯ ಯಾರಿಗೂ ಹೇಳದೆ ಇಟ್ಟುಕೊಂಡ ಸಂಕಟ. ಇದು ಇವತ್ತಿನದಲ್ಲ, ಪ್ರತಿ ಸವಾರಿಯಲ್ಲೂ ಮಾಸ್ತರರು ಇದನ್ನೇ ಹೇಳುತ್ತಿದ್ದಿರಬೇಕು. ತಾನು ಅವರ ಮಗ್ಗುಲಲ್ಲೇ ಕುಳಿತಿದ್ದ. ಆದರೆ ಕಾಲು ಕಾಯುತ್ತ ಕುಳಿತವನಿಗೆ ಕೇಳಲು ಎಲ್ಲಿ ಬಿಡುವಿತ್ತು? ತಾಳ ತಪ್ಪಬಾರದೆಂಬ ಒಂದೇ ಚಿಂತೆಯಲ್ಲಿ ಅಷ್ಟು ವರ್ಷ ಕಳೆದಿದ್ದ. ತಪ್ಪಲಿಲ್ಲ ನಿಜ, ಕೇಳಲೂ ಇಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು.

ಆಮೇಲೆ ಮಾಸ್ತರರು ತಿರುಗಿ ಬಂದರು. ಬಂದ ಗಳಿಗೆಗೆ ಸರಿಯಾಗಿ ನಿಯಾಜನ ಕೈ ಎದ್ದು ಬಿತ್ತು, ಪಿಟೀಲು, ಕ್ಲಾರಿನೆಟ್ಟು, ಸಾರಂಗಿ ಮೂರೂ ಕೂಡಿದವು. ಇಡೀ ಭವನ ಎದ್ದು ನಿಂತಿತು. ಉಳಿವೆಪ್ಪನೂ ನಿಂತ. ಆ ಹುಡುಗ ಎಡವಲೆಂದು ಬಯಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮಾಸ್ತರರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಸರೋಜವ್ವ ಅವರ ಕೊರಳಿನ ಹಾರ ತೆಗೆಯುತ್ತಿದ್ದಳು. ನಿಯಾಜ ನೆಲದ ಮೇಲೆ ಕುಳಿತು ತಬಲಾಕ್ಕೆ ಗವಸು ಹಾಕುತ್ತಿದ್ದ. ಉಳಿವೆಪ್ಪ ಹೋಗಿ ಕಾಲು ಮುಟ್ಟಿದ. ಮಾಸ್ತರರು ತಡಕಾಡಿ ಅವನ ಕೈ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಉಳಿವೆಪ್ಪಾ.”

“ಹೂಂನ್ರಿ ಮಾಸ್ತರ.”

“ಇವತ್ತ ಛಲೋ ಆತು.”

ಉಳಿವೆಪ್ಪನಿಗೆ ಮೊದಲು ತಿಳಿಯಲಿಲ್ಲ. ಮಾಸ್ತರರು ಕೈ ಬಿಡದೆ ಹೇಳಿದರು, “ನಾ ಎಷ್ಟ ದೂರ ಹೋದ್ರೂ ನೀ ಕಾದಿ. ಎಳೀಲಿಲ್ಲ, ಬಿಡಲಿಲ್ಲ. ಹಿಂದ ನೀ ಹಿಂಗ ಬಾರಿಸ್ತಿರಲಿಲ್ಲ.”

ನಿಯಾಜ ತಲೆಯೆತ್ತಿ ನೋಡಿದ. ಅವನಿಗೆ ಎಲ್ಲ ಅರ್ಥವಾಗಿರಬೇಕು, ಇರಲಿ ಬಿಡ್ರಿ ಎಂಬಂತೆ ಕೈಸನ್ನೆ ಮಾಡಿದ. ದೊಡ್ಡ ಮನಸ್ಸಿನ ಹುಡುಗ. ಸರೋಜವ್ವ ಬೇರೆ ಕಡೆ ಮುಖ ತಿರುಗಿಸಿದಳು. ಸುಮ್ಮನೆ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾರ ಗಂಟೂ ಹೋಗುತ್ತಿರಲಿಲ್ಲ, ಮುದುಕನ ಮನಸ್ಸೂ ತಣ್ಣಗಿರುತ್ತಿತ್ತು. ಅರ್ಧ ಆಯುಷ್ಯ ಕಾದ ಮಾತು ಕೈಗೆ ಬಂದು ಬಿದ್ದಿತ್ತು, ಆದರೆ ಅದು ತನ್ನದಲ್ಲ.

“ಬಾರಿಸಿದವ ನಾ ಅಲ್ರಿ ಮಾಸ್ತರ” ಎಂದ ಉಳಿವೆಪ್ಪ. “ಈ ಹುಡುಗ. ನಿಯಾಜ ಅಂತ ಹೆಸರು.” ತನ್ನ ಕೈ ಬಿಡಿಸಿಕೊಂಡು ನಿಯಾಜನ ಕೈ ತಂದು ಅವರ ಕೈಯಲ್ಲಿಟ್ಟ.

ಮಾಸ್ತರರು ಆ ಕೈಯನ್ನೂ ಮುಟ್ಟಿ ನೋಡಿ ತಲೆದೂಗಿದರು. ಆಮೇಲೆ ಉಳಿವೆಪ್ಪ ನಿಂತ ಕಡೆಗೆ ಮುಖ ತಿರುಗಿಸಿದರು.

“ಹಂಗಾರ ನೀ ಎಲ್ಲಿದ್ದಿ?”

“ಕೆಳಗ ಕುಂತಿದ್ನಿರಿ. ಮಂದ್ಯಾಗ ಕುಂತು ಕೇಳಿದ್ನಿ.”

ಮಾಸ್ತರರ ತುಟಿ ಒಂದೆರಡು ಸಲ ಅಲ್ಲಾಡಿತು. ಜನ್ಮದಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳುವವರ ಹಾಗೆ, ಸಣ್ಣ ದನಿಯಲ್ಲಿ ಕೇಳಿದರು.

“ಹೆಂಗ ಆತು?”

ಅವರು ತನಗೆ ಹೇಳಲಿಲ್ಲ ಎಂದು ಕೊರಗುತ್ತ ಬಂದ ಉಳಿವೆಪ್ಪ, ತಾನೂ ಅವರಿಗೆ ಎಂದೂ ಹೇಳಿರಲಿಲ್ಲ. ದೊಡ್ಡವರಿಗೆ ನಾ ಏನು ಹೇಳುವುದು ಎಂದುಕೊಂಡಿದ್ದ. ಕಂಪನಿಯ ಒಬ್ಬರೂ ಹೇಳಿರಲಿಕ್ಕಿಲ್ಲ.

“ಭಾಳ ಛಲೋ ಆತ್ರಿ ಮಾಸ್ತರ.”

“ಇನ್ನೊಮ್ಮೆ ಅನ್ನಪಾ” ಎಂದರು ಮಾಸ್ತರರು.

ಉಳಿವೆಪ್ಪ ಕುರ್ಚಿಯ ಹತ್ತಿರ ಕುಳಿತು ಇನ್ನೊಮ್ಮೆ ಹೇಳಿದ.