ಕಮಲಾಪುರದ ಬಸ್ಸು ಹತ್ತಿಸಿದ ಮೇಡಂ

ನಮ್ಮ ಮೇಡಂ ಅವರ ಸೀರೆಯ ಅಂಚು ವಾರಕ್ಕೆರಡು ದಿನ ಕೆಂಪಗಾಗಿರುತ್ತಿತ್ತು. ಕಲಬುರಗಿಯದು ಕಪ್ಪು ನೆಲ. ಕೆಂಪು ಮಣ್ಣು ಅಂಟಿದೆಯೆಂದರೆ ಕೆಂಪು ನೆಲದ ಕಮಲಾಪುರಕ್ಕೆ ಹೋಗಿ ಬಂದಿದ್ದಾರೆ ಎಂದೇ ಅರ್ಥ. ಅದನ್ನು ಕೊಡವಿಕೊಳ್ಳದೆ ನೇರ ತರಗತಿಗೆ ಬರುತ್ತಿದ್ದರು. ಸಮಾಜಕಾರ್ಯ ಕಲಿಸುವವರು ಅಷ್ಟಾದರೂ ಮಣ್ಣಾಗಬೇಡವೇ ಎಂಬ ಠೀವಿ ಬೇರೆ.

ಕ್ಷೇತ್ರಕಾರ್ಯಕ್ಕೆ ಇಷ್ಟು ದಿನ ಯಾಕೆ, ವಿಡಿಯೊ ತೋರಿಸಿದರೆ ಸಾಲದೆ ಎಂದು ಸಹೋದ್ಯೋಗಿಗಳು ಕೇಳಿದರೆ ಅವರದು ಒಂದೇ ಉತ್ತರ: "ರೊಟ್ಟಿ ಬಡಿಯೋದು ಬೋರ್ಡಿನ ಮ್ಯಾಲ ಬರದು ಕಲಿಸ್ಲಾಕ ಆಗ್ತದೇನ್ರಿ? ಕೈ ಸುಟ್ಕೋಬೇಕು."

ನಮ್ಮ ಕೈ ಮೊದಲ ವಾರವೇ ಸುಟ್ಟಿತು. ಕಮಲಾಪುರದ ಓಣಿಯೊಂದರಲ್ಲಿ, ಹತ್ತನೇ ತರಗತಿ ಪಾಸಾದ ತಬ್ಬಲಿ ಮೊಮ್ಮಗಳನ್ನು ಅಜ್ಜಿ ಮನೆಯಲ್ಲೇ ಕೂರಿಸಿಕೊಂಡಿದ್ದಳು. ಕಲಬುರಗಿಯ ಹಾಸ್ಟೆಲಿಗೆ ಅರ್ಜಿ ಹಾಕಲು ಅದೇ ವಾರ ಕೊನೆ. ಅಜ್ಜಿಯನ್ನು ಒಪ್ಪಿಸಿ ಬನ್ನಿ ಎಂದು ಮೇಡಂ ನಮ್ಮನ್ನು ಕಳಿಸಿದರು. ಬಿಸಿಲಿಗೆ ಹೆದರಿ ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಅಜ್ಜಿ ತಂಬಿಗೆ ತುಂಬ ನೀರು ತಂದರೆ, "ಬ್ಯಾಡ್ರಿ, ನಮ್ಮಲ್ಲೇ ಅದ" ಎಂದು ಬಾಟಲಿ ಎತ್ತಿ ತೋರಿಸಿದೆವು. ತಂಬಿಗೆ ಒಳಗಿಟ್ಟವಳು ಮತ್ತೆ ಬಾಯಿ ಬಿಡಲಿಲ್ಲ.

ವಾಪಸು ಬಂದು ಹೇಳಿದಾಗ ಮೇಡಂ ಬೈಯಲಿಲ್ಲ. "ತನ್ನ ಮನಿ ನೀರು ಮುಟ್ಟಲಾರದೋರನ್ನ ಆಕಿ ಜಲ್ಮಾ ಇಡೀ ನೋಡ್ಯಾಳ. ನಿಮ್ಮನ್ನೂ ಆ ಸಾಲಿನ್ಯಾಗೇ ಕೂಡ್ಸ್ಯಾಳ" ಎಂದರಷ್ಟೇ.

ಮರುದಿನ ಬಾಟಲಿಗಳನ್ನೆಲ್ಲ ಕಾಲೇಜಿನಲ್ಲೇ ಬಿಡಿಸಿ, ತಾವೇ ನಮ್ಮೊಂದಿಗೆ ಬಂದರು. ಅಜ್ಜಿಯ ಮನೆ ಕಟ್ಟೆಯ ಮೇಲೆ ಕೂತು, "ಆಯಿ, ನೀರ್ ಕೊಡ್ರಿ" ಎಂದರು.

"ನಮ್ಮ ಮನೀದು ನಿಮಗ ನಡೀತದೇನ್ರಿ?"

"ನೆತ್ತಿ ಸುಡ್ಲಾಕತ್ತದ, ಲಗೂ ತರ್ರಿ."

ನಾವೆಲ್ಲ ಕುಡಿದೆವು. ಅಜ್ಜಿ ಮಂಡಿನೋವು, ಸತ್ತ ಮಗ, ಸೋರುವ ಮಾಳಿಗೆ ಎಲ್ಲ ಹೇಳಿಕೊಂಡಳು. ಮೇಡಂ ಹಾಸ್ಟೆಲಿನ ಮಾತೇ ಎತ್ತುತ್ತಿಲ್ಲ. ನನಗೋ ಒಳಗೊಳಗೇ ಚಡಪಡಿಕೆ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು: "ಓದ್ಲಿ ಅಂತ ನನಗೂ ಅದ ರೀ. ಆದ್ರ ಅಷ್ಟ್ ದೊಡ್ಡ ಊರಾಗ ಪೋರಿಗಿ ನಮ್ಮದು ಅನ್ನೋ ಮನಿ ಯಾವುದದ?"

"ಅಲ್ಲೇ ಜೇವರ್ಗಿ ಕಾಲೋನಿದಾಗ ನಮ್ಮ ಮನಿ ಅದ ನೋಡ್ರಿ. ಪ್ರತಿ ಐತಾರ ಊಟಕ್ಕ ಬರ್ಲಿ" ಎಂದರು ಮೇಡಂ.

ಇದು ನಮ್ಮ ಯಾವ ಪಠ್ಯದಲ್ಲೂ ಇರಲಿಲ್ಲ. ಅರ್ಜಿ ಹೋಯಿತು, ಹಿಂದೆಯೇ ಹುಡುಗಿಯೂ ಹಾಸ್ಟೆಲಿಗೆ ಹೋದಳು. ಓದು ಮುಗಿಸಿ ಕಲಬುರಗಿಯಲ್ಲೇ ನರ್ಸ್ ಆದಳು. ಅಜ್ಜಿ ಕಣ್ಮುಚ್ಚಿದ ಮೇಲೂ ಆ ಭಾನುವಾರದ ಊಟ ತಪ್ಪಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಮಣ್ಣು ಮುಗಿಸಿ ಜನ ಚೆದುರಿದ ಮೇಲೂ ಆ ಹುಡುಗಿ ಅವರ ಮನೆಯ ಮೆಟ್ಟಿಲ ಮೇಲೆ ಕೂತೇ ಇದ್ದಳು. ನನ್ನನ್ನು ಕಂಡವಳೇ ಬಿಕ್ಕಿದಳು: "ಅಕ್ಕಾ, ಇನ್ನ ಐತಾರ ನಾ ಎಲ್ಲಿಗಿ ಹೋಗ್ಲಿ ರೀ?"

ಈಗ ನಾನೂ ಇದೇ ಊರಲ್ಲಿ ಸಮಾಜಕಾರ್ಯ ಕಲಿಸುವವಳು. ದುಃಖದಲ್ಲಿರುವವರಿಗೆ ಏನು ಹೇಳಬೇಕೆಂದು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇನೆ. ಅದೊಂದೂ ಆಗ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತು, "ನಮ್ಮ ಮನಿಗಿ ಬಾರವ್ವ" ಅಂದೆ.