ರಂಗೂನಿಗೆ ಬರೆದ ಕಾಗದ

ಆ ಕಾಗದದಲ್ಲಿ ಸಿಂಗಪುರದ ಬಗ್ಗೆ ನಾನು ಅರ್ಧ ಪುಟ ಬರೆದಿದ್ದೆ. ಇಷ್ಟು ಖಚಿತ. ಉಳಿದದ್ದರಲ್ಲಿ ನಡೆದದ್ದು ಎಷ್ಟು, ನನ್ನ ಅನುಕೂಲಕ್ಕೆ ನಾನು ಆಮೇಲೆ ಕೂಡಿಸಿಕೊಂಡದ್ದು ಎಷ್ಟು ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ಮೈಸೂರಿನಲ್ಲಿ ಚರಿತ್ರೆ ಓದುವಾಗ, ಹಳೆಯ ಬಖೈರುಗಳನ್ನು, ಅಂದರೆ ಅರಸರ ಕಾಲದ ವೃತ್ತಾಂತಗಳನ್ನು, ಬರೆದವರು ತಮ್ಮ ಧಣಿಯ ಕಡೆಗೇ ವಾಲುತ್ತಾರೆ, ಅವರ ಮಾತನ್ನು ಹಾಗೇ ನಂಬಬಾರದು ಎಂದು ಮೇಷ್ಟರು ಹೇಳುತ್ತಿದ್ದರು. ನನ್ನ ನೆನಪಿಗೆ ನಾನೇ ಧಣಿ. ಆದ್ದರಿಂದ ಓದುವವರು ಸ್ವಲ್ಪ ಎಚ್ಚರದಿಂದಿರಬೇಕು.

ಸಾವಿರದ ಒಂಬೈನೂರ ನಲವತ್ತೊಂದರ ಮಳೆಗಾಲ. ಬಿ.ಎ. ಮುಗಿಸಿ ಮುಳಬಾಗಿಲಿನ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಕೋಲಾರಕ್ಕೆ ಹೋಗಿ ಅರ್ಜಿ ಕೊಡುವುದು, ಮತ್ತೆ ಹೋಗಿ ಆ ಅರ್ಜಿ ಎಲ್ಲಿದೆ ಎಂದು ಕೇಳುವುದು, ಇದೇ ನನ್ನ ಉದ್ಯೋಗ. ಬಾಣಂತನಕ್ಕೆ ಬಂದಿದ್ದ ಅಕ್ಕ ಇನ್ನೂ ನಮ್ಮಲ್ಲೇ ಇದ್ದಳು. ಬಾವ ಮಾಲೂರಿನವರು. ರಂಗೂನಿನ ಒಂದು ಮರದ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಅಕ್ಕನಿಗೆ ದಿನ ತುಂಬುವ ಮೊದಲೇ ರಜೆ ಮುಗಿದು ಅವರು ಮದ್ರಾಸಿನಲ್ಲಿ ಹಡಗು ಹತ್ತಿದ್ದರು. ಮಗಳಿಗೆ ಆರು ತಿಂಗಳು ತುಂಬುತ್ತಿತ್ತು. ಅವಳ ಮುಖವನ್ನು ಅವರು ಇನ್ನೂ ನೋಡಿರಲಿಲ್ಲ.

ಮದ್ರಾಸಿನ ಇಂಗ್ಲಿಷ್ ಪತ್ರಿಕೆ ನಮ್ಮೂರಿಗೆ ಒಂದು ದಿನ ತಡವಾಗಿ ಬಸ್ಸಿನಲ್ಲಿ ಬರುತ್ತಿತ್ತು. ಬಸ್ಸು ನಿಲ್ಲುವಲ್ಲಿ ಒಂದು ಕಾಫಿ ಹೋಟೆಲು. ಅಲ್ಲಿ ಕೂತು ಅದನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಹೋಟೆಲಿನವನು ತೆಲುಗು ಬೆರೆಸಿ ಕೇಳುತ್ತಿದ್ದ.

"ಏಮಿ ಸಾಮಿ, ಯುದ್ಧಂ ಒಸ್ತುಂದಾ?"

"ಈ ಕಡೆಗೆ ಬರಲ್ಲಯ್ಯ. ಇಂಗ್ಲಿಷರು ಬಿಡ್ತಾರಾ?"

"ಫ್ರಾನ್ಸು ಬೀಳಲ್ಲ ಅಂತಾನೂ ನೀವೇ ಅಂದಿದ್ದು ಸಾಮಿ."

"ಅದು ಬೇರೆ."

"ಅವುನು ಸಾಮಿ, ಹೌದು. ಯಾವಾಗ್ಲೂ ಅದು ಬೇರೇನೇ."

ಕೂತವರೆಲ್ಲ ನಗುತ್ತಿದ್ದರು. ನಾನು ಮಾತ್ರ ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲಿ ಬೆರಳಿಟ್ಟು ನಕಾಶೆ ಬರೆಯುತ್ತಿದ್ದೆ. ಇದು ಇಂಡೋಚೈನಾ, ಜಪಾನಿನ ಸೈನ್ಯ ಈಗ ಇಲ್ಲಿ ಇಳಿದಿದೆ. ಇದರ ಪಕ್ಕ ಸಯಾಮ್. ಸಯಾಮಿನ ಪಕ್ಕ ಬರ್ಮಾ, ಅಂದರೆ ಇಂಗ್ಲಿಷರ ಮನೆ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಅಷ್ಟು ದೊಡ್ಡ ಸಾಮ್ರಾಜ್ಯ ಸುಮ್ಮನೆ ಕೂರುತ್ತದೆಯೆ? ಪತ್ರಿಕೆಯೂ ಹಾಗೆಯೇ ಹೇಳುತ್ತಿತ್ತು. ಸರ್ಕಾರ ಪರಿಸ್ಥಿತಿಯನ್ನು ಗಮನಿಸುತ್ತಿದೆ. ಸಯಾಮಿನ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದರೆ ಅದನ್ನು ಲಘುವಾಗಿ ಕಾಣುವುದಿಲ್ಲ. ಯಾರೋ ಒಬ್ಬ ದೊಡ್ಡ ಸೇನಾಧಿಕಾರಿ ಗಡಿಯನ್ನು ನೋಡಿಕೊಂಡು ಬಂದು ತೃಪ್ತಿ ಸೂಚಿಸಿದ್ದಾರೆ. ಪಂಚಾಂಗವನ್ನು ನಂಬದ ನಾನು, ಹರಕೆಯನ್ನು ಹಾಸ್ಯ ಮಾಡುತ್ತಿದ್ದ ನಾನು, ಆ ಅಧಿಕಾರಿಯ ತೃಪ್ತಿಯನ್ನು ನಂಬಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗಲೇ ಬಾವನ ಕಾಗದ ಬಂತು. ರಂಗೂನಿನ ಮೈದಾನದಲ್ಲಿ ಕಂದಕ ತೋಡುತ್ತಿದ್ದಾರೆ, ಆದರೆ ಹೆದರಬೇಕಾದ್ದಿಲ್ಲ ಎಂದು ಎಲ್ಲೆಡೆ ನೋಟೀಸು ಅಂಟಿಸಿದ್ದಾರೆ ಎಂದು ಬರೆದಿದ್ದರು. ದೀಪಾವಳಿಗೆ ಬಂದು ಮಗುವನ್ನು ನೋಡುವ ಆಸೆ ಇದೆ. ಆದರೆ ಹೊಸ ಕಾನೂನು ಬರುತ್ತಿದೆಯಂತೆ, ಒಮ್ಮೆ ಹೊರಟ ಇಂಡಿಯಾದವರಿಗೆ ತಿರುಗಿ ಬರಲು ಅನುಮತಿ ಸಿಗುವುದು ಕಷ್ಟವಂತೆ. ಕಂಪನಿಯ ದೊರೆಯೂ, ಈಗ ರಜೆ ಹಾಕಿದವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ಏನು ಮಾಡಲಿ, ಹಿರಿಯರು ತಿಳಿಸಬೇಕು.

ನಮ್ಮ ಮನೆಯಲ್ಲಿ ಅಳಿಯನಿಗೆ ಕಾಗದ ಹೋಗುತ್ತಿದ್ದದ್ದು ಅಪ್ಪನ ಹೆಸರಿನಲ್ಲಿ. ಅಕ್ಷರ ನನ್ನದು. ಅಕ್ಕ ಮೂರನೆಯ ತರಗತಿಯವರೆಗೆ ಓದಿದ್ದಳು, ಬಂದ ಕಾಗದವನ್ನು ತಾನೇ ಓದಿಕೊಳ್ಳುತ್ತಿದ್ದಳು. ಆದರೆ ಹೆಂಡತಿಯಾದವಳು ಗಂಡನಿಗೆ ನೇರವಾಗಿ ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾವು ಬರೆಯುವಾಗ ಅವಳು ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಏನಾದರೂ ಸೇರಿಸಬೇಕಿದ್ದರೆ ಅಲ್ಲಿಂದಲೇ ನನಗೆ ಮೆಲ್ಲಗೆ ಹೇಳುತ್ತಿದ್ದಳು.

ಅಪ್ಪ ಮೊದಲು ಜೋಯಿಸರನ್ನು ಕೇಳಿ ಬಂದರು. ಜೋಯಿಸರು ಎರಡು ಕಡೆಗೂ ಸಲ್ಲುವಂಥ ಮಾತು ಹೇಳಿ ಕಳಿಸಿದ್ದರು. ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು.

"ಏನೋ, ನೀನು ಓದಿದವನು. ಬರಬೇಕೋ, ಬೇಡ್ವೋ?"

"ಈಗ ಬಂದ್ರೆ ಕೆಲಸ ಹೋಗತ್ತಪ್ಪ. ಬರ್ಮಾಕ್ಕೆ ಯುದ್ಧ ಬರಲ್ಲ. ಮಧ್ಯದಲ್ಲಿ ಸಯಾಮ್ ಇದೆ."

"ಆ ಸಯಾಮಿಗೆ ಬಂದ್ರೆ?"

"ಬಂದ್ರೆ ಇಂಗ್ಲಿಷರು ಸುಮ್ನಿರಲ್ಲ."

"ಏನ್ ಮಾಡ್ತಾರೆ?"

ಅಪ್ಪ ಓದಿದ್ದು ಕೂಲಿಮಠದಲ್ಲಿ. ಇಡೀ ಪತ್ರಿಕೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದರು. ಅದಕ್ಕೆ ಉತ್ತರವೆಂದೇ ಇರಬೇಕು, ಸಿಂಗಪುರದ ಬಗ್ಗೆ ಅರ್ಧ ಪುಟ ಬರೆದೆ. ಅಲ್ಲಿನ ಕೋಟೆ, ಸಮುದ್ರದ ಕಡೆ ಮುಖ ಮಾಡಿದ ಫಿರಂಗಿಗಳು, ಆಸ್ಟ್ರೇಲಿಯಾದಿಂದ ಬಂದಿಳಿದ ಪಡೆ. ಒಳ್ಳೆಯ ಕನ್ನಡದಲ್ಲಿ, ತಪ್ಪಿಲ್ಲದೆ ಬರೆದೆ. ಕೊನೆಗೆ, ಸದ್ಯಕ್ಕೆ ಅಲ್ಲಿಯೇ ಇರುವುದು ಕ್ಷೇಮವೆಂದು ತೋರುತ್ತದೆ ಎಂದು ಮುಗಿಸಿದೆ.

ಬಾಗಿಲ ಹಿಂದಿನಿಂದ ಅಕ್ಕ, "ಮಗು ಕೂರುತ್ತೆ ಅಂತ ಬರಿಯೋ" ಎಂದದ್ದು ಚೆನ್ನಾಗಿ ನೆನಪಿದೆ. ಬರೆದೆ. ಇನ್ನೂ ಏನೋ ಹೇಳಿದಳು. ನಾನು ಸಿಂಗಪುರದ ಫಿರಂಗಿಗಳ ಯೋಚನೆಯಲ್ಲಿದ್ದೆ. "ಹೂಂ" ಎಂದೆ. ಅಪ್ಪ ಸಹಿ ಹಾಕಿದರು. ಅಂಚೆಗೆ ಹಾಕಿ ಬಂದೆ.

ದೀಪಾವಳಿ ಕಳೆಯಿತು. ಬಾವ ಬರಲಿಲ್ಲ. ಅಲ್ಲಿಯೇ ಉಳಿದಿದ್ದೇನೆ, ನಿಮ್ಮ ಸಲಹೆಗೆ ಕೃತಜ್ಞ ಎಂದು ಅಪ್ಪನಿಗೆ ನಾಲ್ಕು ಸಾಲು ಬರೆದಿದ್ದರು.

ಡಿಸೆಂಬರಿನಲ್ಲಿ ಎಲ್ಲವೂ ಒಂದೇ ಸಲ ನಡೆದುಹೋಯಿತು. ನಾನು ತಡೆಗೋಡೆ ಎಂದು ನೀರಿನಲ್ಲಿ ಬರೆದು ತೋರಿಸಿದ್ದ ಸಯಾಮ್ ಒಂದು ಹಗಲು ಕೂಡ ನಿಲ್ಲಲಿಲ್ಲ. ಸಿಂಗಪುರಕ್ಕೆ ಬಂದಿವೆ ಎಂದು ಪತ್ರಿಕೆ ಕೊಂಡಾಡಿದ್ದ ಎರಡು ಮಹಾ ನೌಕೆಗಳು ಅದೇ ವಾರ ಮುಳುಗಿದವು. ಪತ್ರಿಕೆಯ ಭಾಷೆ ಮಾತ್ರ ಕದಲಲಿಲ್ಲ. ಪಡೆಗಳು ಮೊದಲೇ ಮಾಡಿಕೊಂಡ ಯೋಜನೆಯಂತೆ ಹಿಂದಕ್ಕೆ ಸರಿದಿವೆ ಎಂದು ಬರೆಯುತ್ತಿತ್ತು. ನಾನು ಅದನ್ನು ಓದಿ ಹೇಳಿದಾಗ ಹೋಟೆಲಿನವನು ದೋಸೆ ಮಗುಚುವುದನ್ನು ನಿಲ್ಲಿಸಿ, "ಸಾಮಿ, ಓಡೋಗಕ್ಕೂ ಮೊದ್ಲೇ ಯೋಜನೆ ಮಾಡ್ಕೊಂಡಿದ್ರಾ?" ಎಂದ. ಈ ಸಲ ಯಾರೂ ನಗಲಿಲ್ಲ. ಬಾವ ರಂಗೂನಿನಲ್ಲಿರುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ರಂಗೂನಿನ ಮೇಲೆ ಬಾಂಬು ಬಿತ್ತು. ಅಲ್ಲಿಂದ ಕಾಗದ ನಿಂತುಹೋಯಿತು.

ಅಕ್ಕ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾದ ಮಾಡಬಹುದಿತ್ತು. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು, ಮುದ್ದೆ ತಿರುವುತ್ತಿದ್ದಳು, ನಾನು ಪತ್ರಿಕೆ ಹಿಡಿದು ಒಳಗೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅಪ್ಪ ನನ್ನನ್ನು ಕೋಲಾರಕ್ಕೆ ಅಟ್ಟಿದರು. ಯಾವುದೋ ಒಂದು ಕಚೇರಿಯಲ್ಲಿ, ಯಾವುದೆಂದು ಈಗ ನೆನಪಿಲ್ಲ, ಒಬ್ಬ ಗುಮಾಸ್ತರ ಎದುರು ನಿಂತೆ.

"ಬರ್ಮಾ ಈಗ ಇಂಡಿಯಾಕ್ಕೆ ಸೇರಿಲ್ಲ ಕಣ್ರೀ" ಎಂದರು ಅವರು. "ಮೈಸೂರು ಬ್ರಿಟಿಷ್ ಇಂಡಿಯಾಕ್ಕೆ ಸೇರಿಲ್ಲ. ನಿಮ್ಮ ಬಾವ ಯಾರ ಪ್ರಜೆ ಅಂತ ಮೊದಲು ತೀರ್ಮಾನ ಆಗ್ಬೇಕು."

"ಅವರು ಮಾಲೂರಿನವರು ಸಾರ್."

"ಅದಕ್ಕೇ ಹೇಳಿದ್ದು."

ಅರ್ಜಿ ಬರೆದುಕೊಟ್ಟೆ. ಕೆಲವು ವಾರಗಳ ಮೇಲೆ ಬೆಂಗಳೂರಿನಿಂದ ಅಚ್ಚು ಹಾಕಿದ ಉತ್ತರ ಬಂತು. ಇಂಡಿಯಾದವರ ಕ್ಷೇಮಕ್ಕಾಗಿ ಸಾಧ್ಯವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಲಾಗುತ್ತಿದೆ, ಒಬ್ಬೊಬ್ಬರ ವಿವರ ಕೊಡಲು ಸದ್ಯಕ್ಕೆ ಸಾಧ್ಯವಿಲ್ಲ. ಅದನ್ನು ಮನೆಯಲ್ಲಿ ಓದಿ ಹೇಳುವಾಗ ನನಗೆ ವಿಚಿತ್ರವಾದ ನಾಚಿಕೆಯಾಯಿತು. ಅದರ ಧಾಟಿ ಥೇಟ್ ನನ್ನ ಕಾಗದದ ಧಾಟಿ.

ಆ ಜನವರಿಯಲ್ಲೇ ನನಗೆ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟರ ಕೆಲಸ ಸಿಕ್ಕಿತು. ಭೂಗೋಳ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು, ಮಾರ್ಚಿನಲ್ಲಿ ರಂಗೂನು ಬಿತ್ತು. ಗೋಡೆಯ ನಕಾಶೆಯಲ್ಲಿ ಎರಡೂ ಇಂಗ್ಲಿಷರ ಕೆಂಪು ಬಣ್ಣದಲ್ಲೇ ಇದ್ದವು. ಶನಿವಾರ ಶನಿವಾರ ಮುಳಬಾಗಿಲಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೆ ಅಕ್ಕನ ಮುಖ ನೋಡುತ್ತಿದ್ದೆ. ನೋಡಿದ ಮೇಲೆ ಕೇಳುವ ಅಗತ್ಯವಿರುತ್ತಿರಲಿಲ್ಲ.

ಬಾವ ಬಂದದ್ದು ಏಪ್ರಿಲಿನಲ್ಲಿ. ಇದ್ದಿಲಿನ ಗ್ಯಾಸಿನ ಬಸ್ಸು ಕೆಮ್ಮುತ್ತ ಬಂದು ನಿಂತದ್ದು, ಯಾರೋ ಸಿಪಾಯಿಯ ಹಳೆಯ ಕೋಟು ತೊಟ್ಟ ಗಡ್ಡದ ಮನುಷ್ಯನೊಬ್ಬ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದದ್ದು, ಹೋಟೆಲಿನವನು ಒಲೆ ಬಿಟ್ಟು ಓಡಿಬಂದದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದೆ. ಎಷ್ಟೋ ಜನಕ್ಕೆ ಇದನ್ನು ಹೇಳಿದ್ದೇನೆ. ಒಮ್ಮೆ ಅಕ್ಕನ ಎದುರಿಗೇ ಹೇಳುತ್ತಿದ್ದಾಗ ಅವಳು, "ನೀನೆಲ್ಲಿದ್ದೆಯೋ? ಅವತ್ತು ಬುಧವಾರ. ನೀನು ಬಂದಿದ್ದು ಶನಿವಾರ. ಅಷ್ಟು ಹೊತ್ತಿಗೆ ಗಡ್ಡಾನೂ ತೆಗೆಸಿ ಆಗಿತ್ತು" ಎಂದಳು. ಹೋಟೆಲಿನವನು ಹೇಳಿದ್ದನ್ನು ನಾನು ಕಂಡದ್ದಾಗಿ ಮಾಡಿಕೊಂಡಿದ್ದೆನೇನೊ. ಆದರೂ ಆ ಗಡ್ಡ ಈಗಲೂ ನನಗೆ ಕಾಣುತ್ತದೆ.

ಬಾವ ರಂಗೂನು ಬಿಟ್ಟು ಹೊರಟದ್ದು ಬಾಂಬು ಬಿದ್ದ ಮಾರನೆಯ ದಿನ. ನಡೆದು, ಎತ್ತಿನ ಗಾಡಿ ಹಿಡಿದು, ಬೆಟ್ಟ ಹತ್ತಿ ಸಮುದ್ರದ ಕಡೆಗೆ ಇಳಿದು, ದೋಣಿಯಲ್ಲಿ ಚಿತ್ತಗಾಂಗಿಗೆ ಬಂದಿದ್ದರು. ದಾರಿಯುದ್ದಕ್ಕೂ ಕಾಲರಾ. ರಂಗೂನಿನಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿದ್ದವರಲ್ಲಿ ಇಬ್ಬರು ಆ ಬೆಟ್ಟದಲ್ಲೇ ಉಳಿದರು. ಬಾವನಿಗೆ ಜ್ವರ ಅಂಟಿಕೊಂಡಿತ್ತು. ಅದು ತಿಂಗಳಿಗೊಮ್ಮೆ ಮರಳಿ ಬರುತ್ತಿತ್ತು. ಮಗು ಅವರನ್ನು ಕಂಡು ಕಿರುಚಿ ಅಕ್ಕನ ಹೆಗಲಿಗೆ ಅಂಟಿಕೊಂಡಿತಂತೆ. ಒಂದು ತಿಂಗಳು ಅವರ ಹತ್ತಿರ ಹೋಗಲಿಲ್ಲ.

ನನ್ನ ಕಾಗದದ ವಿಚಾರ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡು ವರ್ಷ ಅದು ನನ್ನನ್ನು ಕೊರೆಯಿತು. ಅಷ್ಟರಲ್ಲಿ ಬಾವ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ರೈಟರಾಗಿ ಸೇರಿ ಸಂಸಾರ ಹೂಡಿದ್ದರು. ಒಂದು ಭಾನುವಾರ ಅಲ್ಲಿಗೆ ಹೋದೆ. ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ನಡುವೆ ಇಟ್ಟುಕೊಂಡು ಮೂವರೂ ಹಿಚುಕುತ್ತ ಕೂತಿದ್ದೆವು. ಇನ್ನು ತಡೆಯಲಾರದೆ ಕೇಳಿಬಿಟ್ಟೆ.

"ಬಾವ, ನೀವು ಅಲ್ಲೇ ಉಳಿದಿದ್ದು ನನ್ನ ಕಾಗದ ನೋಡೀನಾ?"

ಬಾವ ಜೋರಾಗಿ ನಕ್ಕರು. "ಯಾವುದು, ಆ ಸಿಂಗಪುರದ್ದಾ? ಅಯ್ಯೋ ಮಾರಾಯ, ಅದನ್ನ ಕೋಣೇಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಬಾಮೈದ ಮುಳಬಾಗಿಲಲ್ಲಿ ಕೂತು ಸಿಂಗಪುರ ಕಾಯ್ತಾ ಇದ್ದಾನೆ, ಇನ್ನು ನಾವು ನಿಶ್ಚಿಂತೆಯಾಗಿ ಮಲಗಬಹುದು ಅಂದ ಒಬ್ಬ. ಬಿದ್ದು ಬಿದ್ದು ನಕ್ವಿ."

"ಮತ್ತೆ ಯಾಕೆ ಉಳಿದ್ರಿ?"

"ಎಲ್ಲರೂ ಉಳಿದ್ರು, ನಾನೂ ಉಳಿದೆ. ಬಂದ್ರೆ ಕೆಲಸ ಹೋಗ್ತಿತ್ತು. ಊರಿಂದಾನೂ ಬಾ ಅಂತ ಯಾರೂ ಬರೀಲಿಲ್ಲ. ಮಗು ಕೂರುತ್ತೆ ಅಂತ ಇತ್ತು. ಸರಿ, ಎಲ್ಲ ಚೆನ್ನಾಗಿದ್ದಾರೆ ಅಂದ್ಕೊಂಡೆ."

ಎರಡು ವರ್ಷ ಹೊತ್ತ ಭಾರ ಇಳಿದಂತಾಯಿತು. ಜೊತೆಗೇ ಸ್ವಲ್ಪ ಅವಮಾನವೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಅಕ್ಕ ಹಿಚುಕುವುದನ್ನು ನಿಲ್ಲಿಸಿದ್ದಳು.

"ನಾನು ಹೇಳಿದ್ದೆ" ಎಂದಳು.

"ಏನಂತ?" ಎಂದರು ಬಾವ.

"ಕೆಲಸ ಹೋದ್ರೆ ಹೋಗ್ಲಿ, ಬಂದುಬಿಡಿ ಅಂತ. ಬಾಗಿಲ ಹಿಂದೆ ನಿಂತು ಇವನಿಗೆ ಹೇಳಿದೆ. ಹೂಂ ಅಂದ."

"ಅಕ್ಕಾ, ನಂಗೆ ಅದು ನೆನಪಿಲ್ಲ."

"ನಿಂಗೆ ನೆನಪಿಲ್ಲ ಅಂದ್ರೆ ನಾನು ಹೇಳಿಲ್ಲ ಅಂತೇನೋ?"

ಬಾವ ಅವಳನ್ನೇ ನೋಡುತ್ತಿದ್ದರು. "ನೀನು ಬಾ ಅಂದಿದ್ದು ಗೊತ್ತಾಗಿದ್ರೆ ಬಂದ್ಬಿಡ್ತಿದ್ದೆ ಕಣೇ" ಎಂದರು. ಆಮೇಲೆ ನನ್ನ ಕಡೆ ನೋಡಿ, ನನಗಾಗಿಯೇ ಇರಬೇಕು, "ಹೋಗ್ಲಿ ಬಿಡು. ಈಗ ಬಂದಿದ್ದೀನಲ್ಲ" ಎಂದರು.

"ಬಂದ್ರಿ" ಎಂದಳು ಅಕ್ಕ. "ಆದ್ರೆ ಆ ಬೆಟ್ಟ ಹತ್ತೋವಾಗೆಲ್ಲಾ, ಇವಳು ಒಂದು ಸಲಾನೂ ಬಾ ಅನ್ನಲಿಲ್ಲವಲ್ಲಾ ಅಂದ್ಕೊಂಡೇ ಹತ್ತಿದ್ರಲ್ಲಾ."

ಬಾವ ಇಲ್ಲ ಎನ್ನಲಿಲ್ಲ.

ನಾನು ಏನೋ ಹೇಳಲು ಹೊರಟೆ. ಹೊಸ ಕಾನೂನು, ಕಂಪನಿಯ ದೊರೆ, ಗಡಿ ನೋಡಿ ತೃಪ್ತಿಪಟ್ಟ ಆ ಅಧಿಕಾರಿ, ತಪ್ಪು ಹೊರಿಸಲು ಬೇಕಾದಷ್ಟು ಜನ ಸಿಗುತ್ತಿದ್ದರು. ಅಕ್ಕ ಸಿಪ್ಪೆಯನ್ನು ಮೊರಕ್ಕೆ ಬಾಚಿಕೊಂಡು ಎದ್ದು ಹೋದಳು.

ಈಗ ಬಾಗಿಲ ಹಿಂದಿನ ಆ ಮಾತು ನನಗೆ ಒಂದಕ್ಷರವೂ ಬಿಡದೆ ಕೇಳಿಸುತ್ತದೆ. ಕೆಲಸ ಹೋದರೆ ಹೋಗಲಿ, ಬಂದುಬಿಡಿ. ಆದರೆ ಕೇಳಿಸುವ ದನಿ ಮುಳಬಾಗಿಲಿನ ಆರು ತಿಂಗಳ ಬಾಣಂತಿಯದಲ್ಲ, ಮಾಲೂರಿನಲ್ಲಿ ಅವರೆಕಾಳಿನ ಮುಂದೆ ಕೂತು ಮಾತಾಡಿದವಳದು. ಕೇಳಿಸಿಕೊಳ್ಳಬೇಕಾಗಿದ್ದ ದಿನ ಅದು ನನ್ನ ಕಿವಿಗೆ ಬಿದ್ದಿತ್ತೆ, ಬಿದ್ದೂ ಬರೆಯುವಷ್ಟು ಮುಖ್ಯವಲ್ಲ ಎಂದು ಬಿಟ್ಟೆನೆ, ಇಂದಿಗೂ ನನಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತು.